ಚುಚ್ಚದ ಗಾಜು

ಸೆಕ್ರೆಟರಿ ಬೆನ್ನು ತಟ್ಟಿ ಹೋಗಿ ಎಷ್ಟೋ ಹೊತ್ತಾಗಿತ್ತು. ಆದರೂ ಮೇಸ್ತ್ರಿಗೆ ಆ ಕೈ ಇನ್ನೂ ತನ್ನ ಬೆನ್ನ ಮೇಲೇ ಇದೆ ಅನಿಸುತ್ತಿತ್ತು. ಬಡಾವಣೆಯ ಮುಕ್ಕಾಲು ಪಾಲು ಮನೆಗಳಿಗೆ ಗಾರೆ ಮೆತ್ತಿದವನು ಅವನೇ; ಅಷ್ಟೂ ವರ್ಷಗಳಲ್ಲಿ ಅಲ್ಲಿನ ಒಬ್ಬರೂ ಅವನನ್ನು ಮುಟ್ಟಿದ್ದಿಲ್ಲ. ಮುಟ್ಟಬಾರದು ಅಂತ ಯಾರೂ ಹೇಳಿರಲಿಲ್ಲ, ಮುಟ್ಟುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ಇವತ್ತು ಬೆಳಿಗ್ಗೆ ಗೇಟಿನ ಬಳಿ, ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ, ಬಡಾವಣೆ ಸಂಘದ ಸೆಕ್ರೆಟರಿ ಸಾಹೇಬರು ಅವನ ಬೆನ್ನು ತಟ್ಟಿ, "ಕಳ್ಳನ್ನ ಹಿಡಿದಿದ್ದು ಪೊಲೀಸರಲ್ಲಪ್ಪ, ನಿನ್ನ ಗಾಜು" ಅಂದರು. ಆಮೇಲೆ ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಸಿಮೆಂಟಿನ ಧೂಳಿಗೆ ಒರೆಸಿಕೊಂಡಿರಬಹುದು; ಅವನ ಅಂಗಿ ಯಾವತ್ತಿಗೂ ಧೂಳಿನದೇ. ಆದರೂ ಹೊಗಳಿಕೆ ಒಂದು ಕಿವಿಯಲ್ಲಿ ಹೋಗಿ, ಒರೆಸಿಕೊಂಡ ಕೈ ಮಾತ್ರ ಕಣ್ಣಲ್ಲಿ ಉಳಿಯಿತು. "ಈಗಿರೋ ಸಾಲಿನ ಹಿಂದೆ ಇನ್ನೊಂದು ಸಾಲು ಗಾಜು ಕೂರಿಸಿಬಿಡು. ಎರಡು ಸಾಲಿದ್ರೆ ಬೆಕ್ಕೂ ಹತ್ತಲ್ಲ" ಅಂದಿದ್ದರು. ಅವನು ತಲೆಯಾಡಿಸಿದ್ದ. ತಲೆಯಾಡಿಸುವುದು ಅವನಿಗೆ ಕರಣೆ ಹಿಡಿಯುವಷ್ಟೇ ರೂಢಿಯಾದ ಕೆಲಸ.

ಈಗ ಏಣಿಯ ಮೇಲೆ ನಿಂತಿದ್ದಾನೆ. ಗೋಡೆಯ ಈ ಕಡೆಗೆ ಕೆನೆಬಣ್ಣ ಬಳಿದಿದೆ, ಆ ಕಡೆಗೆ ಬರಿಯ ಇಟ್ಟಿಗೆ. ಈ ಕಡೆ ನೋಡಿದರೆ ಕತ್ತರಿಸಿದ ಹುಲ್ಲು, ತೊಳೆದು ನಿಲ್ಲಿಸಿದ ಕಾರುಗಳು, ಕಿಟಕಿಗೆ ಎಳೆದ ಪರದೆಗಳು. ಆ ಕಡೆ ನೋಡಿದರೆ ತಗಡಿನ ಮಾಡುಗಳು, ಮಾಡಿನ ಮೇಲೆ ಗಾಳಿಗೆ ಹಾರದಂತೆ ಇಟ್ಟ ಕಲ್ಲುಗಳು, ಹಗ್ಗದ ತುಂಬ ಬಟ್ಟೆ. ಅದರಲ್ಲಿ ಅವನ ಮನೆಯ ಹಗ್ಗವೂ ಒಂದು. ಭಾಮೈದನ ನೀಲಿ ಅಂಗಿ ಅಲ್ಲಿ ಎರಡೂ ತೋಳು ಚಾಚಿಕೊಂಡು ಒಣಗುತ್ತಿತ್ತು. ಗೋಡೆ ಕಟ್ಟುವ ಮೊದಲು ಅವನಿಗೆ ಇವೆರಡನ್ನೂ ಒಟ್ಟಿಗೆ ನೋಡುವ ಜಾಗ ಇರಲಿಲ್ಲ. ಈಗ ಇದೆ, ಏಣಿ ಹತ್ತಿದಷ್ಟು ಹೊತ್ತು. ಇಳಿದರೆ ಯಾವ ಕಡೆಗೆ ಇಳಿದನೋ ಆ ಕಡೆಯವನಾಗಿಬಿಡಬೇಕು. ಈ ಕಡೆ ಇಳಿದರೆ ಮೇಸ್ತ್ರಿ, ಆ ಕಡೆ ಇಳಿದರೆ ಸ್ವಂತ ಓಣಿಗೆ ತಾನೇ ಬೇಲಿ ಹಾಕಿದವನು. ಆ ಮಾತು ಪೇಂಟರನದು. ಗೋಡೆಗೆ ಕೆನೆಬಣ್ಣ ಬಳಿಯುವಾಗ ಪೇಂಟರ್ ಅವನ ಪಕ್ಕದ ಏಣಿಯಲ್ಲೇ ನಿಂತು, ಓಣಿಗೆಲ್ಲ ಕೇಳುವ ಹಾಗೆ, "ನೋಡ್ರಪ್ಪೋ, ನಮ್ಮ ಮೇಸ್ತ್ರಿ ತನ್ನ ಓಣಿಗೇ ಮುಳ್ಳು ಹಾಸ್ತಾವ್ನೆ" ಅಂತ ಕೂಗಿದ್ದ. ಓಣಿ ನಕ್ಕಿತ್ತು. "ನೀನು ಬಳಿಯೋ ಬಣ್ಣ ಯಾರ ಗೋಡೆಗೋ?" ಅಂತ ಇವನು ತಿರುಗಿ ಕೇಳಬಹುದಿತ್ತು. ಆ ಉತ್ತರ ಹೊಳೆದದ್ದು ಮನೆಗೆ ಹೋಗಿ ಕಾಲು ತೊಳೆದುಕೊಳ್ಳುವಾಗ. ಅವನಿಗೆ ಉತ್ತರಗಳೆಲ್ಲ ಹಾಗೇ, ಊರೆಲ್ಲ ಸುತ್ತಿ ತಡವಾಗಿ ಬರುತ್ತವೆ.

ಆ ಪೇಂಟರ್ ಈಗ ಲಾಕಪ್ಪಿನಲ್ಲಿದ್ದಾನೆ. ಹೋದ ವಾರ ವಕೀಲರ ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದಾಗ, ಹಾಡಹಗಲೇ ಯಾರೋ ಒಳಗೆ ನುಗ್ಗಿ, ಒಬ್ಬಳೇ ಇದ್ದ ವಕೀಲರ ತಾಯಿಯ ಕುತ್ತಿಗೆಯಿಂದ ಸರ ಕಿತ್ತುಕೊಂಡು ಹೋಗಿದ್ದರು. ಮುದುಕಿ ಮೆಟ್ಟಿಲ ಮೇಲೆ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದವಳು ಇನ್ನೂ ಕಣ್ಣು ಬಿಟ್ಟಿಲ್ಲ. ಆ ಹೊತ್ತಿನಲ್ಲಿ ಗೇಟಿನಿಂದ ಯಾರೂ ಬರಲಿಲ್ಲ ಎಂದು ಕಾವಲುಗಾರ ಆಣೆ ಮಾಡಿ ಹೇಳಿದ. ಹಾಗಾದರೆ ಗೋಡೆ ಹಾರಿ ಬಂದಿರಬೇಕು. ಗೋಡೆಯ ಮೇಲೆ ಉದ್ದಕ್ಕೂ ಗಾಜು, ಹಾಗಾದರೆ ಬಂದವನ ಅಂಗೈ ಕೊಯ್ದಿರಲೇಬೇಕು. ಇಷ್ಟು ಸರಳವಾದ ಲೆಕ್ಕ ಇನ್ಸ್‌ಪೆಕ್ಟರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲವೇನೋ, ಅದೇ ಸಂಜೆ ಓಣಿಯ ಗಂಡಸರನ್ನೆಲ್ಲ ನಲ್ಲಿಕಟ್ಟೆಯ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಕೈ ಚಾಚಿಸಿದ. ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೇಸ್ತ್ರಿಯೂ ಕೈ ಚಾಚಿದ್ದ. ಶಾಲೆಯಲ್ಲಿ ಏಟು ತಿನ್ನಲು ಚಾಚಿದ ಮೇಲೆ ಹಾಗೆ ಎರಡೂ ಅಂಗೈ ಮುಂದಿಟ್ಟುಕೊಂಡು ನಿಂತದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ಅವನ ಅಂಗೈಯನ್ನು ಲಾಠಿಯ ತುದಿಯಿಂದ ಕುಟ್ಟಿ, "ಇದೇನಯ್ಯಾ, ಕೈಯಾ ಕಾಂಕ್ರೀಟಾ?" ಅಂದ. ಜೊತೆಯ ಪೇದೆಗಳು ನಕ್ಕರು. ಇವನೂ ನಕ್ಕ. ನಗದಿದ್ದರೂ ನಡೆಯುತ್ತಿತ್ತು ಅಂತ ಆಮೇಲೆ ಅನಿಸಿತು. ಪಕ್ಕದಲ್ಲಿ ಭಾಮೈದ ನಿಂತಿದ್ದ; ಅವನ ಕೈ ಹೂವಿನ ಹಾಗಿತ್ತು, ಸೋಪಿನ ನೀರಿನಲ್ಲಿ ನೆನೆದು ನೆನೆದು ಬಿಳಿಚಿದ ಕೈ. ಅವನ ಆಚೆಗೆ ಪೇಂಟರ್. ಪೇಂಟರನ ಬಲಗೈಗೆ ಚಿಂದಿ ಸುತ್ತಿತ್ತು. "ಡಬ್ಬಿ ಮುಚ್ಚಳ ತೆಗೆಯೋವಾಗ ತಗಡು ಕೊಯ್ತು ಸಾರ್" ಅಂತ ಅವನು ಹೇಳುತ್ತಿದ್ದ ಹಾಗೇ ಕೆನ್ನೆಗೆ ಏಟು ಬಿತ್ತು. ಆ ಏಟಿನ ಸದ್ದಿಗೆ ಮೇಸ್ತ್ರಿಯ ಎದೆಯೊಳಗೆ ಏನೋ ಹಗುರಾಯಿತು. ಒಂದೇ ಒಂದು ಗಳಿಗೆ. ಮುಳ್ಳು ಹಾಸ್ತಾನೆ ಅಂದೆಯಲ್ಲ, ಅನುಭವಿಸು. ಆ ಗಳಿಗೆಯನ್ನು ಯಾರೂ ನೋಡಿಲ್ಲ, ಯಾರೂ ಕೇಳುವುದಿಲ್ಲ. ಆದರೂ ಅಂದಿನಿಂದ ಅವನಿಗೆ ತನ್ನ ಮೇಲೆ ಹೇಸಿಗೆ. ಊಟಕ್ಕೆ ಕುಳಿತಾಗ, ಗಾರೆ ಕಲಸುವಾಗ, ಹೆಂಡತಿ ಮಾತಾಡಿಸಿದಾಗ ಅದು ಒಂದೇ ಸಮನೆ ಮೇಲೆ ಬರುತ್ತದೆ, ತಿಂದದ್ದು ಒಗ್ಗದವನಿಗೆ ಬಂದ ಹಾಗೆ.

ಕರಣೆಯಲ್ಲಿ ಗಾರೆ ತೆಗೆದು ಹಳೆಯ ಸಾಲಿನ ಹಿಂದೆ ಹಾಸಿದ. ಗಾಜನ್ನು ಒತ್ತಿ, ಅಲುಗಿಸಿ ನೋಡಿ, ಮುಂದಕ್ಕೆ ಸರಿದ. ಹಳೆಯ ಸಾಲಿನ ಗಾಜುಗಳನ್ನು ಒಡೆದದ್ದು ಅವನೂ ಹೆಂಡತಿಯೂ, ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು. ಗುಜರಿಯಿಂದ ಬಾಟಲಿಗಳನ್ನು ತಂದು ಸುರಿದಿದ್ದ. ಹೆಂಡತಿ ಬಾಟಲಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ಸುತ್ತಿಗೆಯಲ್ಲಿ ಒಂದು ಹದವಾದ ಪೆಟ್ಟು ಕೊಡುತ್ತಿದ್ದಳು. ಮೈಯೆಲ್ಲ ಚೂರಾಗಿ, ದಪ್ಪನೆಯ ತಳ ಮಾತ್ರ ಇಡಿಯಾಗಿ ಉಳಿಯುತ್ತಿತ್ತು. ಆ ತಳಗಳನ್ನು ಅವಳು ಬೇರೆ ಗುಡ್ಡೆ ಹಾಕಿದಳು. "ಇದು ಚುಚ್ಚಲ್ಲ" ಅಂದಳು. ಕೆಲಸಕ್ಕೆ ಬಾರದ್ದನ್ನು ಎಸೆಯುತ್ತಾಳೆ ಅಂದುಕೊಂಡಿದ್ದ. ಎಸೆಯಲಿಲ್ಲ. ಸಂಜೆ ಅವನ ಮುಂದೆ ಟೀ ಇಟ್ಟು, ಒಂದು ತಳವನ್ನು ಬೋರಲು ಹಾಕಿ, ಅದರ ಮೇಲೆ ತನ್ನ ಅಂಗೈಯನ್ನು ಪೂರ್ತಿ ಭಾರ ಬಿಟ್ಟು ಊರಿ ತೋರಿಸಿದಳು. "ಕೆಳಗಿಂದ ನೋಡಿದ್ರೆ ಇದೂ ಹೊಳೀತದೆ, ಅದೂ ಹೊಳೀತದೆ. ಅವರ ನೀರಿನ ಟ್ಯಾಂಕಿನ ಹಿಂದೆ ಒಂದು ಮೊಳದಷ್ಟು ಜಾಗದಲ್ಲಿ ಇದನ್ನ ಕೂರಿಸಿ ರೀ. ನಮ್ಮ ಹುಡುಗ ಹತ್ತಿ ಹೋಗ್ತಾನೆ." ಹುಡುಗ ಅಂದರೆ ಅವಳ ತಮ್ಮ. ಅವ್ವ ಸತ್ತ ಮೇಲೆ ಅವಳೇ ಎತ್ತಿ ಬೆಳೆಸಿದ ತಮ್ಮ. ಮೀಸೆ ಬಂದು, ಭುಜ ಅಗಲವಾಗಿ, ಮನೆಯ ಬಾಗಿಲಿಗೆ ತಲೆ ತಗ್ಗಿಸಿ ನುಗ್ಗುವಷ್ಟು ಎತ್ತರವಾದರೂ ಅವಳ ಬಾಯಲ್ಲಿ ಹುಡುಗ. ಅವನು ಬಡಾವಣೆಯಲ್ಲಿ ಕಾರು ತೊಳೆಯುತ್ತಿದ್ದ. ಸಾಹೇಬರುಗಳು ಕೆಲಸಕ್ಕೆ ಹೊರಡುವ ಮೊದಲು ಕಾರು ಮಿರಮಿರ ಮಿಂಚುತ್ತಿರಬೇಕು; ಓಣಿಯವರಿಗೆ ಗೇಟು ತೆಗೆಯುವುದು ಮಾತ್ರ ಅವರೆಲ್ಲ ಹೊರಟ ಮೇಲೆ. ಗೇಟು ತೆಗೆಯುವ ಮೊದಲೇ ಕಾರು ಹೇಗೆ ತೊಳೆದಿತ್ತು ಅಂತ ಬಡಾವಣೆಯ ಒಬ್ಬರೂ ಕೇಳಿರಲಿಲ್ಲ. ತೊಳೆದಿತ್ತಲ್ಲ, ಸಾಕು. ಹಾಗಾಗಿ ಮೇಸ್ತ್ರಿ ಟ್ಯಾಂಕಿನ ಹಿಂದಿನ ಒಂದು ಮೊಳದಲ್ಲಿ ಬಾಟಲಿಯ ತಳಗಳನ್ನು ಬೋರಲಾಗಿ ಕೂರಿಸಿದ. ಆ ಕೆಲಸವನ್ನು ಮಾಡುವಾಗ, ಸುಳ್ಳು ಯಾಕೆ, ಅವನಿಗೆ ಖುಷಿಯಾಗಿತ್ತು. ಇಡೀ ಗೋಡೆಯಲ್ಲಿ ತನ್ನದು ಅಂತ ಅನಿಸಿದ್ದು ಅದೊಂದೇ ಜಾಗ. ಪೇಂಟರನಿಗೂ ಹೇಳಿಬಿಡೋಣ, ಅವನ ಬಾಯಿ ಮುಚ್ಚಿಸೋಣ ಅಂತ ನಾಲಿಗೆಯ ತುದಿಯವರೆಗೆ ಬಂದಿತ್ತು. ಪೇಂಟರನ ಬಾಯಿಗೆ ಬಾಗಿಲಿಲ್ಲ ಅಂತ ಸುಮ್ಮನಾದ. ಹೇಳಿದ್ದರೆ ಇವತ್ತು ಪೇಂಟರನೇ ಸ್ಟೇಷನ್ನಿನಲ್ಲಿ ಕೂಗಿ ಹೇಳಿಬಿಡುತ್ತಿದ್ದ, ಹೇಳುವ ಹೊರೆ ಇವನ ಪಾಲಿಗೆ ಉಳಿಯುತ್ತಿರಲಿಲ್ಲ.

ನಿನ್ನೆ ಭಾಮೈದ ಬಾಯಿ ಬಿಟ್ಟ. ಮೇಸ್ತ್ರಿ ಕೇಳಿದ್ದೇನೂ ದೊಡ್ಡ ಮಾತಲ್ಲ, "ವಕೀಲರ ಮನೆ ಕೆಲಸ ಯಾಕೋ ಬಿಟ್ಟೆ?" ಅಂತ ಅಷ್ಟೆ. ಊಟದ ತಟ್ಟೆಯ ಮುಂದೆ ಕೂತಿದ್ದವನು ತುತ್ತು ಹಾಗೇ ಹಿಡಿದುಕೊಂಡು, "ನಾನು ಬಿಟ್ಟಿದ್ದಲ್ಲ ಭಾವ, ಅವರು ಬಿಡಿಸಿದ್ರು. ಕಾರಿಗೆ ಗೀರು ಬಿದ್ದಿದೆ ಅಂತ ಎಲ್ಲರ ಮುಂದೆ ಕಿವಿ ಹಿಂಡಿದ್ರು. ಆ ಮುದುಕಿ ಮೇಲಿಂದ ನೋಡಿ ನಗ್ತಿತ್ತು" ಅಂದ. ಹೆಂಡತಿ ನೀರು ಬಗ್ಗಿಸುತ್ತಿದ್ದಳು. ತಂಬಿಗೆ ತುಂಬಿ ಹೊರಗೆ ಚೆಲ್ಲಿದರೂ ಬಗ್ಗಿಸುತ್ತಲೇ ಇದ್ದಳು. "ನಾನು ತಳ್ಳಲಿಲ್ಲ ಭಾವ. ಸರ ಎಳೆದಾಗ ಅವರೇ ಬಿದ್ರು. ಎದ್ದೇಳ್ತಾರೆ ಅಂದ್ಕೊಂಡೆ. ಎದ್ದೇಳಲಿಲ್ಲ." ಕೊನೆಗೆ ಹೆಂಡತಿ ಒಂದೇ ಮಾತು ಆಡಿದಳು, ತಮ್ಮನ ಕಡೆ ನೋಡಲಿಲ್ಲ, ಇವನನ್ನು ನೋಡಿದಳು: "ನೀವು ಏನೂ ಕೇಳಿಸಿಕೊಂಡಿಲ್ಲ." ಭಾಮೈದ ಹಿಡಿದ ತುತ್ತನ್ನು ತಟ್ಟೆಗೇ ಬಿಟ್ಟು ಕೈ ತೊಳೆಯಲು ಎದ್ದ. ಸಿಟ್ಟು ಬರಬೇಕಿತ್ತು. ಬಂದದ್ದು ಕನಿಕರ, ಅದರ ಹಿಂದೆಯೇ ಕಿವಿ ಹಿಂಡಿಸಿಕೊಂಡವನ ಉರಿ, ಅದು ತನ್ನದೇ ಕಿವಿ ಅನ್ನುವ ಹಾಗೆ. ಆಮೇಲೆ ಪೇಂಟರನ ಕೆನ್ನೆಗೆ ಬಿದ್ದ ಏಟು ನೆನಪಾಯಿತು, ಕನಿಕರವೂ ಕೆಟ್ಟುಹೋಯಿತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಪೇಂಟರನ ತಾಯಿ ಬಾಗಿಲಿಗೇ ಬಂದಿದ್ದಳು. ಓಣಿಗೆಲ್ಲ ಚಿಕ್ಕಮ್ಮ ಅವಳು. ಮೇಸ್ತ್ರಿಯ ತಾಯಿ ಕೂಲಿಗೆ ಹೋದಾಗ ಇವನನ್ನೂ ಪೇಂಟರನನ್ನೂ ಒಂದೇ ತೊಟ್ಟಿಲಲ್ಲಿ ಹಾಕಿ ತೂಗಿದವಳು. ಒಂದೇ ವಾರಕ್ಕೆ ಮುಖ ಇಷ್ಟಾಗಿತ್ತು. "ಮಗಾ, ನಿನ್ನೆ ಊಟ ಕೊಡೋಕೆ ಹೋಗಿದ್ದೆ. ಅವನಿಗೆ ಕೂರೋಕಾಗ್ತಿಲ್ಲ, ನಿಂತ್ಕೊಂಡೇ ತಿಂದ. ಆ ಮುದುಕಿ ಏನಾದ್ರೂ ಹೋಗಿಬಿಟ್ರೆ ಕೊಲೆ ಕೇಸಂತೆ. ನೀನು ಗಾಜು ಕೂರಿಸಿದೋನು. ಗಾಜಿನ ಮೇಲೆ ಕೈಯೂರಿದ್ರೆ ಎರಡು ಕೈಯೂ ಚಿಂದಿಯಾಗ್ತದೆ, ಹಿಂಗೆ ಒಂದು ಗೀಟು ಬೀಳಲ್ಲ ಅಂತ ಒಂದು ಮಾತು ಹೇಳು. ಅವರು ನಮ್ಮ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾರೆ." ಅವನ ಹಿಂದೆ, ಒಳಗೆ, ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದು ಕೇಳಿಸಿತು. "ಹೇಳ್ತೀನಿ ಚಿಕ್ಕಮ್ಮ" ಅಂದ. ಪಾತ್ರೆ ಉಜ್ಜುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಹೊರಡುವಾಗ ಹೆಂಡತಿ ಹತ್ತಿರ ಬಂದು, "ಆ ತಳಗಳನ್ನ ಇವತ್ತೇ ಕಿತ್ತುಬಿಡಿ" ಅಂದಳು. ಅವಳ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಗಿತು.

ಕಿತ್ತುಬಿಟ್ಟರೆ ಮುಗಿಯಿತು. ಕೊಯ್ಯದೆ ಹತ್ತುವ ಜಾಗ ಇತ್ತು ಅನ್ನುವುದಕ್ಕೆ ಆಮೇಲೆ ಗುರುತಿಲ್ಲ. ಕೀಳದಿದ್ದರೆ ಇವತ್ತಲ್ಲ ನಾಳೆ ಯಾರಾದರೂ ನೋಡುತ್ತಾರೆ, ಕೂರಿಸಿದವನು ಯಾರು, ಯಾರಿಗಾಗಿ ಅಂತ ಕೇಳುತ್ತಾರೆ. ಓಣಿಯಿಂದ ದಿನಾ ಮುಂಜಾನೆ ಬಡಾವಣೆಗೆ ಹೋಗುತ್ತಿದ್ದವನು ಇರುವುದೇ ಒಬ್ಬ. ಮೇಸ್ತ್ರಿ ಏಣಿಯನ್ನು ಒಂದೊಂದೇ ಮಾರು ಸರಿಸುತ್ತ, ಇದ್ದಬದ್ದ ನಿಧಾನವನ್ನೆಲ್ಲ ಖರ್ಚು ಮಾಡುತ್ತ, ಗಾಜು ಕೂರಿಸುತ್ತ ಬಂದ. ಗಾರೆ ತೆಳುವಾಯಿತು ಅಂತ ಮತ್ತೆ ಕಲಸಿದ. ಬೇಡದಿದ್ದರೂ ದಾರ ಹಿಡಿದು ಸಾಲು ನೇರ ಇದೆಯೇ ಅಂತ ನೋಡಿದ. ಯಾವ ಮನೆಯಿಂದಲೋ ಸಂಗೀತದ ಪಾಠ ಕೇಳುತ್ತಿತ್ತು, ಒಂದೇ ಸಾಲನ್ನು ಮಗುವೊಂದು ತಪ್ಪಿ ತಪ್ಪಿ ಹಾಡುತ್ತಿತ್ತು. ವಕೀಲರ ಮನೆಯ ಬಾಗಿಲು ಮುಚ್ಚಿತ್ತು. ಆ ಮೆಟ್ಟಿಲನ್ನು ಕಟ್ಟಿದವನೂ ಅವನೇ. ಅಂಚು ಉರುಟು ಮಾಡಲೇ ಅಂತ ಆಗ ಕೇಳಿದ್ದ; ಚೂಪಾಗಿಯೇ ಇರಲಿ, ನೋಡಲು ಚೆಂದ ಅಂದಿದ್ದರು. ಈಗ ಅದನ್ನು ನೆನೆದು ಸಮಾಧಾನ ಪಡಲು ಹೋದ, ಆಗಲಿಲ್ಲ. ಮುದುಕಿ ಅವನಿಗೆ ಒಂದು ಸಲ ಕುಡಿಯಲು ನೀರು ಕೊಟ್ಟಿದ್ದಳು. ಲೋಟವನ್ನು ಆಮೇಲೆ ನೀನೇ ತೊಳೆದಿಡು ಅಂದಿದ್ದಳು, ನಿಜ, ಆದರೆ ನೀರು ತಣ್ಣಗಿತ್ತು.

ಟ್ಯಾಂಕಿನ ಹಿಂದೆ ಏಣಿ ಇಟ್ಟ. ತಳಗಳು ಹಾಗೇ ಕೂತಿದ್ದವು, ಹಸಿರು, ಕಂದು, ಬಿಳಿ. ಅವುಗಳ ಮೇಲೆ ಧೂಳು ನಿಲ್ಲದೆ ನುಣ್ಣಗಾಗಿತ್ತು; ದಿನಾ ಕೈ ಬಿದ್ದ ಜಾಗ. ಉಳಿಯನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ತನ್ನ ಗಾರೆ ಗಟ್ಟಿಯಾಗಿ ಹಿಡಿದಿತ್ತು. ಒಂದು ತಳ ಎದ್ದು ಕೈಗೆ ಬಂತು. ಎರಡನೆಯದಕ್ಕೆ ಉಳಿ ಇಡುತ್ತಿರುವಾಗ ಕೆಳಗಿನಿಂದ ಸೆಕ್ರೆಟರಿಯ ಸ್ವರ ಕೇಳಿತು.

"ಇರೋದನ್ನ ಯಾಕಪ್ಪಾ ಕೀಳ್ತಿದೀಯ?"

"ಸಡಿಲಾಗಿದೆ ಸಾರ್."

"ಈ ಸುತ್ತಿಗೆ ಸದ್ದು ನಮ್ಮ ಮನೇವರೆಗೂ ಬರ್ತಿದೆ. ಸಡಿಲಾಗಿದ್ರೆ ಹಿಂಗೆ ಹೊಡೀಬೇಕಾ?" ಅವರು ನಗುತ್ತಲೇ ಕೇಳಿದರು. ನಿವೃತ್ತಿಯಾದರೂ ತಪಾಸಣೆಯ ಚಟ ಬಿಟ್ಟಿರದ ಮನುಷ್ಯ. ನೀರಿನ ಮೀಟರು, ಬೀದಿದೀಪ, ಕಸದ ಡಬ್ಬಿ ಎಲ್ಲವನ್ನೂ ಮುಟ್ಟಿ ನೋಡದೆ ಬಿಡುವವರಲ್ಲ. "ಇಳಿ, ನೋಡೋಣ" ಅಂದರು. ಮೇಸ್ತ್ರಿ ಇಳಿದ. ಸೆಕ್ರೆಟರಿ ಚಪ್ಪಲಿ ಬಿಟ್ಟು, ಏಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಒಂದೊಂದು ಮೆಟ್ಟಿಲಿಗೂ ಉಸಿರು ಬಿಡುತ್ತ ಹತ್ತಿದರು. ಅವರಿಗೆ ಎತ್ತರ ಅಂದರೆ ಭಯ ಅಂತ ಕಾಣುತ್ತದೆ. ಮೇಲಕ್ಕೆ ಹೋಗಿ ಹಿಡಿದುಕೊಳ್ಳಲು ಏನಾದರೂ ಬೇಕಾಗಿ, ಯೋಚನೆ ಮಾಡದೆ, ಬಲಗೈಯನ್ನು ಗೋಡೆಯ ಮೇಲೆ ಊರಿದರು. ಊರಿದ ಮೇಲೆ ಅಯ್ಯೋ ಅಂತ ಕಿರುಚಲು ಬಾಯಿ ತೆರೆದರು. ನೋವಾಗಲಿಲ್ಲ. ಕೈಯನ್ನು ಎತ್ತಿ ನೋಡಿದರು, ಮತ್ತೆ ಇಟ್ಟರು, ಮತ್ತೆ ಎತ್ತಿ ನೋಡಿದರು. ಮೇಸ್ತ್ರಿ ಏಣಿಯ ಬುಡವನ್ನು ಹಿಡಿದುಕೊಂಡು ಅವರ ಹಿಮ್ಮಡಿಗಳನ್ನೇ ನೋಡುತ್ತಿದ್ದ. ಒಡೆದ ಹಿಮ್ಮಡಿ, ತನ್ನದರ ಹಾಗೇ. ಈಗ ಹೇಳಿಬಿಡಬಹುದು ಅನಿಸಿತು. ಹೇಳುವುದೂ ಬೇಕಿಲ್ಲ, ಅವರೇ ಕಂಡುಕೊಂಡರಲ್ಲ. ಎದೆಯಲ್ಲಿ ಹೆದರಿಕೆಯ ಜೊತೆಗೇ, ನಾಚಿಕೆಯಿಲ್ಲದೆ, ಒಂದು ಬಿಡುಗಡೆ ಎದ್ದು ಬಂತು. ಇನ್ನು ನನ್ನ ಕೈಯಲ್ಲಿಲ್ಲ. ಪೇಂಟರ್ ಬಿಡುಗಡೆ ಆಗ್ತಾನೆ, ಆಗೋದು ಆಗಿಹೋಗಲಿ.

ಸೆಕ್ರೆಟರಿ ಇಳಿದರು. ಚಪ್ಪಲಿ ಮೆಟ್ಟಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡರು.

"ಇನ್ಸ್‌ಪೆಕ್ಟರಿಗೆ ಮೊನ್ನೆ ನಾವೇ ಶಾಲು ಹೊದಿಸಿದ್ವಿ" ಅಂದರು, ಯಾರಿಗೋ ಹೇಳುವಂತೆ. "ಪೇಪರ್‌ನಲ್ಲಿ ಫೋಟೋ ಬಂತು. ಗೋಡೆ ಬೇಡ ಅಂತ ಅರ್ಧ ಬಡಾವಣೆ ಕೂಗಾಡಿತ್ತು, ನಾನು ಹಟ ಹಿಡಿದು ಕಟ್ಟಿಸಿದ್ದು. ಈಗ ಹೋಗಿ, ಇದು ಚುಚ್ಚಲ್ಲ ಕಣ್ರೀ ಅಂದ್ರೆ ಯಾರ ಮುಖಕ್ಕೆ ಮಸಿ?"

"ಸಾರ್, ಆ ಪೇಂಟರ್..."

"ನೋಡು." ಅವರು ಕೈ ಎತ್ತಿದರು. ಹೊಡೆಯಲಿಕ್ಕಲ್ಲ, ಬೇಡಿಕೊಳ್ಳುವ ಕೈ. ಅದು ಹೊಡೆತಕ್ಕಿಂತ ಹೆಚ್ಚು ಹೆದರಿಸಿತು. "ನೀನು ಬೇಕಂತ ಮಾಡಿದ್ಯೋ, ಗೊತ್ತಿಲ್ಲದೆ ಮಾಡಿದ್ಯೋ, ಯಾರಿಗೋಸ್ಕರ ಮಾಡಿದ್ಯೋ, ನಾನು ಕೇಳಲ್ಲ. ನೀನೂ ಹೇಳಬೇಡ. ಚೂಪಾಗಿರೋದನ್ನ ಹಾಕಿ ಮುಚ್ಚು. ನಾನು ಇಲ್ಲೇ ನಿಂತಿರ್ತೀನಿ."

"ಅವನು ಮಾಡಿಲ್ಲ ಸಾರ್."

"ಹಂಗಾದ್ರೆ ಯಾರು ಮಾಡಿದ್ದು?"

ಸೆಕ್ರೆಟರಿ ಕಾದರು. ನಿಜವಾಗಿಯೂ ಕಾದರು, ಹೇಳಿಬಿಟ್ಟರೆ ಏನು ಮಾಡುವುದು ಅನ್ನುವ ಭಯದಲ್ಲಿ ಅವರ ಕಣ್ಣೆವೆ ಪಟಪಟ ಬಡಿದುಕೊಳ್ಳುತ್ತಿತ್ತು. ಸಂಗೀತದ ಪಾಠದ ಮಗು ಅದೇ ಸಾಲನ್ನು ಇನ್ನೊಮ್ಮೆ ತಪ್ಪಿತು. "ನೋಡಿದ್ಯಾ?" ಅಂದರು ಸೆಕ್ರೆಟರಿ ಕೊನೆಗೆ, ತುಂಬ ಮೆತ್ತಗೆ. ಮೇಸ್ತ್ರಿ ಏಣಿ ಹತ್ತಿದ.

ಒಂದೊಂದೇ ತಳವನ್ನು ಕಿತ್ತು ಕೆಳಕ್ಕೆ ಇಳಿಸಿದ. ಸೆಕ್ರೆಟರಿ ಸಾಹೇಬರು ತಮ್ಮ ಕೈಯಾರೆ ಅವನ್ನು ಚೀಲಕ್ಕೆ ತುಂಬಿಕೊಂಡರು. ಜೀವನದಲ್ಲಿ ಮೊದಲ ಸಲ ಬಡಾವಣೆಯ ಒಬ್ಬರು ಅವನಿಗೆ ಆಳಿನ ಕೆಲಸ ಮಾಡುತ್ತಿದ್ದರು. ನಗು ಬರಬೇಕಿತ್ತು. ಗಾರೆ ಹಾಕಿದ, ಚೂಪು ಗಾಜುಗಳನ್ನು ಆರಿಸಿ ಆರಿಸಿ ಒತ್ತಾಗಿ ಕೂರಿಸಿದ, ಎಂದಿನ ರೂಢಿಯಂತೆ ಒಂದೊಂದನ್ನೂ ಅಲುಗಿಸಿ ನೋಡಿದ. ಕೆಟ್ಟ ಕೆಲಸವನ್ನೂ ಅಚ್ಚುಕಟ್ಟಾಗಿಯೇ ಮಾಡುವ ತನ್ನ ಕೈಯ ಮೇಲೆ ಅವನಿಗೆ ರೇಗಿತು. ಸ್ವಲ್ಪ ಸಡಿಲವಾದರೂ ಬಿಡು, ಅಂದುಕೊಂಡ. ಕೈ ಬಿಡಲಿಲ್ಲ. ಮುಗಿದಾಗ ಇಡೀ ಗೋಡೆ ಒಂದೇ ಸಮ ಹೊಳೆಯುತ್ತಿತ್ತು, ಅದರಲ್ಲಿ ಒಂದು ಮೊಳ ಬೇರೆ ಇತ್ತು ಅಂತ ಇನ್ನು ಅವನೇ ಹೇಳಿದರೂ ಯಾರೂ ನಂಬಲಾರರು. ಸೆಕ್ರೆಟರಿ ಚೀಲವನ್ನು ಎದೆಗವಚಿಕೊಂಡು ಮನೆಯ ಕಡೆ ಹೋದರು. ಅವರು ನಡೆದಂತೆಲ್ಲ ಗಾಜು ಕಿಣಿಕಿಣಿ ಅನ್ನುತ್ತಿತ್ತು.

ಗೇಟಿನ ಆಚೆ, ರಸ್ತೆಯ ಬದಿಯಲ್ಲಿ, ಚಿಕ್ಕಮ್ಮ ಕೂತಿದ್ದಳು. ಬೆಳಿಗ್ಗೆಯಿಂದ ಕೂತಿದ್ದಳೋ ಏನೋ. ಅವನನ್ನು ಕಂಡವಳೇ ಮಂಡಿಯ ಮೇಲೆ ಕೈಯೂರಿ ಎದ್ದಳು. ಅವಳು ಏಳುವಷ್ಟು ಹೊತ್ತಿನಲ್ಲಿ ಅವನು ನಿಜ ಹೇಳಬಹುದಿತ್ತು. ಅಷ್ಟು ನಿಧಾನವಾಗಿ ಎದ್ದಳು.

"ಹೇಳಿದ್ಯಾ ಮಗಾ?"

"ಹೇಳಿದೆ ಚಿಕ್ಕಮ್ಮ."

"ಏನಂದ್ರು?"

"ನೋಡ್ತೀವಿ ಅಂದ್ರು."

ಅವಳ ಮುಖ ಅರಳಲಿಲ್ಲ. ಇನ್ನೂ ಏನೋ ಬೇಕು ಅನ್ನುವ ಹಾಗೆ ಅವನ ಬಾಯನ್ನೇ ನೋಡುತ್ತ ನಿಂತಳು. ಲಾಕಪ್ಪಿನಲ್ಲಿ ನಿಂತುಕೊಂಡೇ ಊಟ ಮಾಡಿದ ಮಗನಿಗೆ ನಾಳೆ ಹೇಳಲು ಅವಳಿಗೆ ಇಷ್ಟು ಸಾಲದು. "ಏನು ಹೇಳ್ದೆ? ಸರಿಯಾಗಿ ಹೇಳ್ದ್ಯಾ?" ಅಂದಳು. ಆಗ ಮೇಸ್ತ್ರಿ ದಿನವೆಲ್ಲ ಹೇಳದೆ ಇಟ್ಟುಕೊಂಡಿದ್ದ ಮಾತು ತಾನಾಗಿಯೇ ಜಾರಿ ಹೊರಗೆ ಬಂತು. "ಕೈ ಕೊಯ್ಯದೇನೂ ಹತ್ತೋಕಾಗೋ ಜಾಗ ಒಂದಿದೆ, ಟ್ಯಾಂಕಿನ ಹಿಂದೆ, ಬಾಟಲಿ ತಳ ಕೂರಿಸಿದೀನಿ, ಕಳ್ಳ ಅಲ್ಲಿಂದ ಬಂದಿದಾನೆ, ಕೈ ನೋಡಿ ಹಿಡಿದ್ರೆ ಆಗಲ್ಲ ಅಂತ ಹೇಳ್ದೆ. ಎಲ್ಲಾ ಹೇಳ್ದೆ." ಹೇಳುತ್ತ ಹೇಳುತ್ತ ಅವನ ಸ್ವರ ಗಟ್ಟಿಯಾಯಿತು, ಕಣ್ಣು ತುಂಬಿತು. ಒಳಗೆ ಸೆಕ್ರೆಟರಿಯ ಮುಂದೆ ನಿಂತು ಇದೇ ಮಾತನ್ನು ಹೀಗೇ ಹೇಳಿದೆನೇನೋ ಅಂತ ಒಂದು ಕ್ಷಣ ಅವನಿಗೇ ಅನಿಸಿತು. ಚಿಕ್ಕಮ್ಮ ಅವನ ಗಲ್ಲ ಸವರಿ, "ನೀನು ತಣ್ಣಗಿರಪ್ಪಾ" ಅಂದು ಓಣಿಯ ಕಡೆ ನಡೆದಳು. ನಡೆದದ್ದಲ್ಲ, ಓಡಿದಳು. ಆ ವಯಸ್ಸಿನ ಹೆಂಗಸು ಓಡುವುದನ್ನು ಅವನು ನೋಡಿರಲಿಲ್ಲ. ಮೊದಲ ಮನೆಯ ಬಾಗಿಲಲ್ಲೇ ಕೂಗಿ ಹೇಳಿದ್ದು ಅಲ್ಲಿಯವರೆಗೂ ಕೇಳಿತು: "ನಮ್ಮ ಮೇಸ್ತ್ರಿ ಎಲ್ಲಾ ಹೇಳಿಬಿಟ್ನಂತೆ ಕಣ್ರೇ!"

ಮೋರಿಯ ಕಟ್ಟೆಯ ಮೇಲೆ ಕೂತ. ಬೇಗ ಹೋಗಬೇಕು, ಮನೆಯವರಿಗೆ ಮೊದಲೇ ಹೇಳಬೇಕು ಅಂತ ಗೊತ್ತಿತ್ತು. ಆದರೂ ಕರಣೆಗೆ ಅಂಟಿದ ಗಾರೆ ಕೆರೆಯುತ್ತ ಕೂತೇ ಇದ್ದ. ಎದ್ದು ಓಣಿಗೆ ಬಂದಾಗ ಸುದ್ದಿ ಅವನಿಗಿಂತ ಮುಂದೆ ಎಲ್ಲ ಮನೆಗೂ ಹೋಗಿಯಾಗಿತ್ತು. ಅಷ್ಟು ದಿನ ಮುಖ ತಿರುಗಿಸುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಗುಜರಿಯವನು ತಕ್ಕಡಿ ಬಿಟ್ಟು ಎದ್ದು, "ಗಂಡಸು ಕಣಯ್ಯಾ ನೀನು" ಅಂದ. ಯಾರೋ ಅವನ ಕೈಯಿಂದ ಗಾರೆಯ ಬಾಂಡ್ಲಿ ಈಸಿಕೊಂಡರು. ಬೇಡ ಅಂದರೂ ಬಿಡಲಿಲ್ಲ. ಇಷ್ಟು ಜನ ಒಟ್ಟಿಗೆ ಅವನನ್ನು ಪ್ರೀತಿಯಿಂದ ನೋಡಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ, ಮತ್ತು ಅವನಿಗೆ, ದೇವರಾಣೆಗೂ, ಅದು ಹಿತವಾಗಿತ್ತು. ಮನೆ ಹತ್ತಿರ ಬಂದಾಗ ಹಗ್ಗದ ಮೇಲೆ ನೀಲಿ ಅಂಗಿ ಇರಲಿಲ್ಲ. ಒಣಗಿತ್ತು, ತೆಗೆದಿರಬೇಕು ಅಂದುಕೊಂಡ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಮ್ಮ ಜಗುಲಿಯ ಮೇಲೆ ಕೂತು ಅವಳಿಗೇ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು, ಟ್ಯಾಂಕು, ತಳ, ಕಳ್ಳ. ಹೆಂಡತಿಯ ಮುಖದಲ್ಲಿ ರಕ್ತವಿರಲಿಲ್ಲ. ಅವಳ ಹಿಂದೆ, ಒಳಗೆ, ಗೋಡೆಗೆ ಹೊಡೆದ ಮೊಳೆಗಳು ಕಂಡವು. ಭಾಮೈದ ಬಟ್ಟೆ ತೂಗುಹಾಕುತ್ತಿದ್ದ ಮೊಳೆಗಳು, ಎಲ್ಲ ಖಾಲಿ.

"ಏನೇನು ಹೇಳಿದ್ರಿ?" ಅಂದಳು.

ಏನೂ ಹೇಳಿಲ್ಲ ಕಣೇ. ಯಾರಿಗೂ ಏನೂ ಹೇಳಿಲ್ಲ. ನೀನು ಹೇಳಿದ ಹಾಗೇ ಕಿತ್ತು ಮುಚ್ಚಿ ಬಂದಿದೀನಿ. ಇಷ್ಟು ಸಾಕಿತ್ತು. ಅವಳು ಓಡಿ ಹೋಗಿ, ಊರು ಬಿಡಲು ಹೊರಟ ತಮ್ಮನನ್ನು ಬಸ್ಸಿನಿಂದ ಇಳಿಸಿಕೊಂಡು ಬರುತ್ತಿದ್ದಳು. ಆದರೆ ಚಿಕ್ಕಮ್ಮ ಇಬ್ಬರ ನಡುವೆ ಕೂತು ಅವನನ್ನೇ ನೋಡುತ್ತಿದ್ದಳು, ಓಣಿಯ ಅರ್ಧ ಜನ ಅವನ ಬೆನ್ನ ಹಿಂದಿದ್ದರು. ಹೆಂಡತಿಗೂ ಅದು ಗೊತ್ತಿತ್ತು. ಅದಕ್ಕೇ ಅಷ್ಟೇ ಕೇಳಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚು ಕೇಳುವಂತಿರಲಿಲ್ಲ. ಏನೂ ಹೇಳಿಲ್ಲ ಅಂದರೆ ಹೆಂಡತಿಗೆ ನಿಜ, ಆದರೆ ಚಿಕ್ಕಮ್ಮನ ಮುಂದೆ ಸುಳ್ಳುಗಾರ; ಎಲ್ಲಾ ಹೇಳಿದೆ ಅಂದರೆ ಹೆಂಡತಿಗೂ ಸುಳ್ಳು, ಚಿಕ್ಕಮ್ಮನಿಗೂ ಸುಳ್ಳೇ.

"ಎಲ್ಲಾ ಹೇಳಿದೆ" ಅಂದ.

ಹೆಂಡತಿ ಅವನನ್ನು ನೋಡಿದಳು. ಬೈಯಲಿಲ್ಲ. ಮದುವೆಯಾದಾಗಿನಿಂದ ತನ್ನ ಮನೆಯಲ್ಲಿ ಯಾರೋ ಬೇರೆಯವನು ಇದ್ದ, ಈಗ ಕಂಡ, ಅನ್ನುವ ಹಾಗೆ ನೋಡಿ ಒಳಗೆ ಹೋದಳು.

"ನಾಳೆ ಬೆಳಿಗ್ಗೆ ಸ್ಟೇಷನ್‌ಗೆ ಹೋಗೋಣ ಮಗಾ" ಅಂದಳು ಚಿಕ್ಕಮ್ಮ. "ಇನ್ಸ್‌ಪೆಕ್ಟರ್ ಮುಂದೇನೂ ಹಿಂಗೇ ಹೇಳು. ನಿನ್ನ ಭಾಮೈದನ್ನೂ ಕರ್ಕೊಂಡು ಬಾ. ಅವನು ದಿನಾ ಅಲ್ಲಿ ಹೋಗಿಬರೋನು, ಆ ಜಾಗ ಅವನೂ ನೋಡಿರ್ತಾನೆ, ಇಬ್ಬರು ಹೇಳಿದ್ರೆ ಮಾತಿಗೆ ತೂಕ. ಎಲ್ಲಿ ಅವನು?"

"ಊರಲ್ಲಿಲ್ಲ" ಅಂದಳು ಹೆಂಡತಿ ಒಳಗಿನಿಂದ.

"ಅಯ್ಯೋ, ಈಗ ತಾನೇ ನಲ್ಲಿ ಹತ್ರ ಕಂಡೆನಲ್ಲ. ಮೇಸ್ತ್ರಿ ಎಲ್ಲಾ ಹೇಳಿಬಿಟ್ಟಾಯ್ತು ಅಂತ ನಾನೇ ಹೇಳ್ದೆ. ಸಂತೋಷಪಡ್ತಾನೆ ಅಂತ..."

ಚಿಕ್ಕಮ್ಮ ಒಳಗಿನ ಖಾಲಿ ಮೊಳೆಗಳನ್ನು ನೋಡಿದಳು, ಆಮೇಲೆ ಮೇಸ್ತ್ರಿಯನ್ನು. ಜಗುಲಿಯಿಂದ ಎದ್ದಳು, ಈ ಸಲ ಮಂಡಿಗೆ ಕೈ ಊರಲಿಲ್ಲ. ಹುಟ್ಟಿದಾಗಿನಿಂದ ಅವನನ್ನು ಮಗಾ ಅಂತಲೇ ಕರೆದವಳು, "ಮೇಸ್ತ್ರೀ" ಅಂದಳು. "ಆ ತಳ ಯಾರಿಗೋಸ್ಕರ ಕೂರಿಸಿದ್ದೆ?"